‘ಸ್ಟೇ’ ತರಬೇಕೆಂದರೆ: ತಡೆಯಾಜ್ಞೆ ಕೇಳುವವರಿಗೆ ಹಂತ ಹಂತದ ಮಾರ್ಗದರ್ಶಿ

“ಬಾಜೂ ಹೊಲದವರು ಬದು ಒಡದು ಒಳಗ ಬಂದಾರ, ಸ್ಟೇ ತರೂದು ಹೆಂಗ್ರಿ?” “ಅಣ್ಣ ನನಗ ಪಾಲು ಕೊಡದ ಹೊಲಾ ಮಾರಾಕತ್ತಾನ, ತಡೀಬಹುದೇನ್ರಿ?” “ಸ್ಟೇ ಐತಿ, ಆದ್ರೂ ಗ್ವಾಡಿ ಏರಾಕತ್ತೇತಿ. ಪೊಲೀಸರು ಇದು ಸಿವಿಲ್ ಮ್ಯಾಟರ್ ಅಂತಾರ, ಮುಂದೇನು?” ನವಲಗುಂದ, ಕುಂದಗೋಳ, ರೋಣ, ಸವಣೂರು ಎಲ್ಲಿಂದ ಬಂದರೂ ಪ್ರಶ್ನೆ ಸುತ್ತಿ ಸುತ್ತಿ ಈ ಮೂರಕ್ಕೇ ಬರುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇವೆ.

ಮೊದಲು ಹೆಸರಿನ ಗೊಂದಲ ತೀರಿಸೋಣ. ನಮ್ಮ ಕಡೆ ಎಲ್ಲದಕ್ಕೂ ‘ಸ್ಟೇ’ ಎನ್ನುತ್ತೇವೆ. ಕೆಳಗಿನ ನ್ಯಾಯಾಲಯದ ಇಲ್ಲವೇ ಅಧಿಕಾರಿಯ ಆದೇಶವನ್ನು ಮೇಲಿನವರು ತಡೆಹಿಡಿದರೆ ಅದು ನಿಜವಾದ ಸ್ಟೇ. ‘ಈ ಮನುಷ್ಯ ಈ ಕೆಲಸ ಮಾಡಕೂಡದು’ ಎಂದು ಸಿವಿಲ್ ನ್ಯಾಯಾಲಯ ನೇರವಾಗಿ ವ್ಯಕ್ತಿಯನ್ನು ಕಟ್ಟಿಹಾಕಿದರೆ ಅದು ಇಂಜಂಕ್ಷನ್, ಅಂದರೆ ನಿರ್ಬಂಧಕಾಜ್ಞೆ. ದಾವೆ ಮುಗಿಯುವವರೆಗೆ ಅಥವಾ ಮುಂದಿನ ಆದೇಶದವರೆಗೆ ಇರುವುದು ತಾತ್ಕಾಲಿಕ. ತೀರ್ಪಿನೊಂದಿಗೆ ಬರುವುದು ಶಾಶ್ವತ. ತಾತ್ಕಾಲಿಕಕ್ಕೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ಒಂದು ಅಧ್ಯಾಯ), ಶಾಶ್ವತಕ್ಕೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ. ಗಂಡನ ಮನೆಯ ಹೊಡೆತ ಬಡಿತದಿಂದ ಹೆಣ್ಣುಮಗಳನ್ನು ಕಾಯುವ ‘ಸಂರಕ್ಷಣಾ ಆದೇಶ’ದ ದಾರಿಯೇ ಬೇರೆ. ಅದನ್ನು ಕಡೆಗೆ ಹೇಳಿದ್ದೇವೆ.

ಇನ್ನೊಂದು ಮಾತು. ಈ ಹಂತದಲ್ಲಿ ಹೊಲ ಯಾರದೆಂದು ನ್ಯಾಯಾಲಯ ತೀರ್ಮಾನಿಸುವುದಿಲ್ಲ. ಜಗಳ ಹತ್ತಿದ ದಿನ ವಹಿವಾಟು (ಹೊಲದ ಅನುಭೋಗ) ಯಾರದಿತ್ತು, ಅದು ಕದಡದಂತೆ ಈಗಲೇ ತಡೆಯಬೇಕೇ ಎಂಬುದಷ್ಟೇ ಅದರ ಮುಂದಿರುವ ಪ್ರಶ್ನೆ. ಅಜ್ಜನ ಕಾಲದ ಕಥೆಯನ್ನು ನಾಲ್ಕು ಪುಟ ಬರೆದು, ಹೋದ ಹಂಗಾಮಿನಲ್ಲಿ ಬಿತ್ತಿದವರು ಯಾರು ಎಂಬುದಕ್ಕೆ ಒಂದು ಚೀಟಿಯೂ ಇಡದವರ ಅರ್ಜಿ ಬಿದ್ದುಹೋಗುವುದು ಇದೇ ಕಾರಣಕ್ಕೆ.

ನ್ಯಾಯಾಧೀಶರು ತೂಗುವ ಮೂರು ಮಾತು

1992ರ ದಳಪತ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ ಮೂರು ಅಳತೆಗಳನ್ನು ಇಂದಿಗೂ ಎಲ್ಲ ಕೋರ್ಟುಗಳೂ ಹಿಡಿಯುತ್ತವೆ. ಒಂದು, ಮೇಲ್ನೋಟಕ್ಕೇ ನಿಮ್ಮ ಮಾತಿನಲ್ಲಿ ವಿಚಾರಣೆಗೆ ತಕ್ಕ ಹುರುಳಿರಬೇಕು. ವಕೀಲರು ‘ಪ್ರೈಮಾ ಫೇಸಿ ಕೇಸ್’ ಎನ್ನುವುದು ಇದಕ್ಕೇ. ಎರಡು, ಆಜ್ಞೆ ಕೊಡದಿದ್ದರೆ ನಿಮಗಾಗುವ ತೊಂದರೆ, ಕೊಟ್ಟರೆ ಎದುರಿನವರಿಗಾಗುವ ತೊಂದರೆಗಿಂತ ಹೆಚ್ಚಿರಬೇಕು. ಮೂರು, ಆ ನಷ್ಟ ಆಮೇಲೆ ರೊಕ್ಕದಲ್ಲಿ ತುಂಬಿಕೊಡಲಾಗದಂಥದ್ದಿರಬೇಕು. ಮೂರೂ ಬೇಕು, ಎರಡಿದ್ದರೆ ಸಾಲದು. ಇವುಗಳ ಮೇಲೆ ನಿಮ್ಮ ನಡತೆಯನ್ನೂ ನೋಡುತ್ತಾರೆ: ತಡಮಾಡದೆ ಬಂದಿರಾ, ಏನನ್ನಾದರೂ ಮುಚ್ಚಿಟ್ಟಿರಾ?

ಹಂತ 1: ನಿಮಗೆ ಬೇಕಾದದ್ದು ಯಾವ ಆಜ್ಞೆ?

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಹೊಲ ನಿಮ್ಮ ಕಬ್ಜಾದಲ್ಲಿ (ಸ್ವಾಧೀನದಲ್ಲಿ) ಇದೆ, ಹಕ್ಕಿನ ಬಗ್ಗೆ ಗಂಭೀರ ತಕರಾರಿಲ್ಲ, ಬರೀ ಅಡ್ಡಿಪಡಿಸುತ್ತಿದ್ದಾರೆ ಎಂದರೆ ಬರೀ ನಿರ್ಬಂಧಕಾಜ್ಞೆಯ ದಾವೆ ಸಾಕು. ಎದುರಿನವರು ನಿಮ್ಮ ಹಕ್ಕನ್ನೇ ಅಲ್ಲಗಳೆಯುವ ಕಾಗದ ಹಿಡಿದಿದ್ದರೆ, ಹಕ್ಕು ಘೋಷಣೆಯನ್ನೂ ಜೊತೆಗೇ ಕೇಳಬೇಕು. ನೀವು ಆಗಲೇ ಕಬ್ಜಾ ಕಳೆದುಕೊಂಡಿದ್ದರೆ ಕಬ್ಜಾ ಮರಳಿ ಕೊಡಿಸುವ ದಾವೆಯನ್ನೇ ಹಾಕಬೇಕು. 2008ರ ಅನಾತುಲ ಸುಧಾಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಮೂರು ದಾರಿಗಳನ್ನು ಬಿಡಿಸಿ ಹೇಳಿದೆ. ಘೋಷಣೆಗೆ ಕೋರ್ಟ್ ಶುಲ್ಕ ಹೆಚ್ಚೆಂದು ಅದನ್ನು ಕೈಬಿಡುವವರು ಬಹಳ. ಆ ಉಳಿತಾಯ ವರ್ಷಗಟ್ಟಲೆ ನಡೆದ ದಾವೆಯನ್ನೇ ನುಂಗುತ್ತದೆ.

ಬದುವಿನ ಜಗಳದಲ್ಲಿ ವಿಶೇಷ ಎಚ್ಚರ ಬೇಕು. ಎದುರಿನವರು ಎರಡು ಗುಂಟೆ ಒಳಗೆ ಬಂದು ಬಿತ್ತಿಯೂ ಆಗಿದ್ದರೆ, ಆ ಎರಡು ಗುಂಟೆಯ ಕಬ್ಜಾ ಈಗ ನಿಮ್ಮದಲ್ಲ. ‘ಬರಬೇಡ’ ಎಂಬ ಆಜ್ಞೆಯಿಂದ ಬಂದವರು ಹೊರಗೆ ಹೋಗುವುದಿಲ್ಲ. ಮೊದಲು ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಹಾಕಿ, ಅಂದರೆ ಮೂಲ ನಕ್ಷೆಯ ಪ್ರಕಾರ ಗಡಿ ಅಳೆದು ಗುರುತಿಸುವಂತೆ ಕೇಳಿ. ದಾವೆಯಲ್ಲೂ 26ನೇ ಆದೇಶದ 9ನೇ ನಿಯಮದಡಿ ಕೋರ್ಟ್ ಕಮಿಷನರ್ ನೇಮಕ ಕೇಳಬಹುದು.

ಅಣ್ಣತಮ್ಮಂದಿರ ವಾಟ್ನಿ (ಆಸ್ತಿಯ ಪಾಲು) ಆಗಿಲ್ಲವೆಂದರೆ, ಒಬ್ಬ ಹಿಸ್ಸೇದಾರ ಇನ್ನೊಬ್ಬನನ್ನು ‘ಹೊಲಕ್ಕೆ ಕಾಲಿಡಬೇಡ’ ಎಂದು ತಡೆಯುವುದು ಸಾಮಾನ್ಯವಾಗಿ ಆಗದ ಮಾತು, ಏಕೆಂದರೆ ಇಬ್ಬರ ಕಬ್ಜಾವೂ ಕೂಡಿಯೇ ಇರುತ್ತದೆ ಎಂದು ಕಾನೂನು ಭಾವಿಸುತ್ತದೆ. ವಾಟ್ನಿ ದಾವೆ ಹಾಕಿ, ಅದರಲ್ಲಿ ‘ಪರಭಾರೆ ಮಾಡಬಾರದು’ ಎಂಬ ಆಜ್ಞೆ ಕೇಳುವುದು ಸರಿಯಾದ ದಾರಿ. ಪರಭಾರೆ ಎಂದರೆ ಮಾರಾಟ, ದಾನ, ಅಡವು ಯಾವುದೇ ರೀತಿಯಲ್ಲಿ ಆಸ್ತಿ ಬೇರೆಯವರಿಗೆ ದಾಟಿಸುವುದು. ಪಾಲು ಬಿಟ್ಟುಹೋದ ಅಕ್ಕತಂಗಿಯರಿಗೂ ಇದೇ ದಾರಿ.

ಗೋಡೆ ಎದ್ದುಬಿಟ್ಟಿದ್ದರೆ ಕೆಡವಿಸಲು ಬೇಕಾದದ್ದು ಆದೇಶಾತ್ಮಕ ನಿರ್ಬಂಧಕಾಜ್ಞೆ. ದಾವೆ ನಡೆಯುತ್ತಿರುವಾಗಲೇ ಅದು ಸಿಗುವುದು ಅಪರೂಪ. ಬುನಾದಿ ತೋಡುವಾಗ ಬಂದವರಿಗೂ ಸ್ಲ್ಯಾಬ್ ಹಾಕಿದ ಮೇಲೆ ಬಂದವರಿಗೂ ಇರುವ ಅಂತರ ಇಷ್ಟು ದೊಡ್ಡದು.

ಹಂತ 2: ಕಾಗದ ಕೂಡಿಸುವುದು

ಹೊಲವಾದರೆ: ಉತಾರ, ಅಂದರೆ ಪಹಣಿ, ಈ ವರ್ಷದ್ದಷ್ಟೇ ಅಲ್ಲ, ಹಿಂದಿನ ಕೆಲವು ವರ್ಷಗಳದ್ದೂ ಬೇಕು. 9ನೇ ಕಾಲಮ್‌ನಲ್ಲಿ ಸ್ವಾಧೀನದಾರರ ಹೆಸರು, 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತದೆ. ಎರಡನ್ನೂ ಓದಿ ನೋಡಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಪ್ರಕಾರ ಈ ದಾಖಲೆಗಳು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಗಣನೆ. ಮ್ಯುಟೇಶನ್ ಪ್ರತಿ, ಖರೀದಿ ಅಥವಾ ವಾಟ್ನಿ ಪತ್ರ, ಋಣಭಾರ ಪತ್ರ, ಸರ್ವೇ ನಕ್ಷೆ ಇವೂ ಬೇಕು.

ಇಷ್ಟಕ್ಕೆ ನಿಲ್ಲಬೇಡಿ. ವಹಿವಾಟು ತೋರಿಸುವ ಸಣ್ಣ ಚೀಟಿಗಳೇ ಎಷ್ಟೋ ಸಲ ಕೆಲಸ ಮಾಡುತ್ತವೆ: ಬೆಳೆ ವಿಮೆ ಕಂತಿನ ರಸೀದಿ, ಸೊಸೈಟಿಯ ಬೆಳೆಸಾಲದ ಪಾಸ್‌ಬುಕ್, ಹತ್ತಿ ಇಲ್ಲವೇ ಶೇಂಗಾ ಮಾರಿದ ಎಪಿಎಂಸಿ ಚೀಟಿ, ಪಂಪ್‌ಸೆಟ್ಟಿನ ಹೆಸ್ಕಾಂ ದಾಖಲೆ.

ಹುಬ್ಬಳ್ಳಿ-ಧಾರವಾಡ ಊರೊಳಗಿನ ಮನೆ ಜಾಗವಾದರೆ ಸಿಟಿಎಸ್ (ನಗರ ಸರ್ವೇ) ನಂಬರಿನ ಪಿ.ಆರ್. ಕಾರ್ಡ್ (ಆಸ್ತಿ ದಾಖಲೆ), ಪಾಲಿಕೆಯ ಕರ ರಸೀದಿ, ಮನೆಯ ವಿದ್ಯುತ್ ಬಿಲ್ಲು. ಹಳ್ಳಿಯ ಗಾವಠಾಣಾ (ಊರ ವಸತಿ ಜಾಗದ) ಮನೆಯಾದರೆ ಪಂಚಾಯ್ತಿಯ ಇ-ಸ್ವತ್ತು ಪ್ರತಿ.

ಇವೆಲ್ಲದರ ಜೊತೆ ಬೆದರಿಕೆಯ ಪುರಾವೆ ಬೇಕು. ಜೆಸಿಬಿ ಬಂದ ದಿನದ ಫೋಟೋ, ತಂದು ಸುರಿದ ಕಲ್ಲು ಮರಳು, ಪೊಲೀಸ್ ಠಾಣೆಗೆ ಕೊಟ್ಟ ಅರ್ಜಿಯ ಸ್ವೀಕೃತಿ. ಫೋನಿನಲ್ಲಿ ತೆಗೆದ ಫೋಟೋ, ವಿಡಿಯೋಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಕೇಳುವ ಪ್ರಮಾಣಪತ್ರವನ್ನು ವಕೀಲರಿಂದ ಮೊದಲೇ ಸಿದ್ಧಪಡಿಸಿಕೊಳ್ಳಿ. ಮೂಲ ಫೋಟೋ ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಮೂಲವಲ್ಲ.

ಹಂತ 3: ಯಾವ ಕೋರ್ಟು?

ಆಸ್ತಿ ಎಲ್ಲಿದೆಯೋ ಅಲ್ಲಿಯ ಕೋರ್ಟು. ನೀವು ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದರೂ ಹೊಲ ರೋಣ ತಾಲೂಕಿನಲ್ಲಿದ್ದರೆ, ಆ ತಾಲೂಕಿನ ಮೇಲೆ ಅಧಿಕಾರವಿರುವ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಕಿರಿಯ ಶ್ರೇಣಿಯೋ ಹಿರಿಯ ಶ್ರೇಣಿಯೋ ಎಂಬುದು ದಾವೆಯ ಮೌಲ್ಯದ ಮೇಲೆ ನಿಲ್ಲುತ್ತದೆ. ಧಾರವಾಡದ ಹೈಕೋರ್ಟ್ ಪೀಠಕ್ಕೆ ನೇರವಾಗಿ ಹೋದರೆ ಬೇಗ ಆಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಖಾಸಗಿ ವ್ಯಕ್ತಿಗಳ ಹೊಲಮನೆಯ ತಕರಾರಿಗೆ ಅದು ಮೊದಲ ಬಾಗಿಲಲ್ಲ.

ಎದುರಾಳಿ ಸರ್ಕಾರ ಅಥವಾ ಸರ್ಕಾರಿ ಅಧಿಕಾರಿಯಾದರೆ, ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ಮುಂಚಿನ ನೋಟಿಸ್ ಕೊಡಬೇಕು. ಅಷ್ಟು ದಿನ ಕಾಯಲಾಗದಿದ್ದರೆ 80(2)ರಡಿ ಕೋರ್ಟಿನ ಅನುಮತಿ ಕೇಳಿ. ಈ ಅರ್ಜಿ ಮರೆತರೆ ದಾವೆ ಬಾಗಿಲಲ್ಲೇ ನಿಲ್ಲುತ್ತದೆ.

ಗದಗ ಕಡೆಯ ಓದುಗರು ಗಾಳಿಯಂತ್ರದ ಕಂಪನಿಗಳ ದಾರಿ, ಲೈನುಗಳ ಬಗ್ಗೆ ಕೇಳುತ್ತಾರೆ. 2018ರ ತಿದ್ದುಪಡಿಯ ನಂತರ ರಸ್ತೆ, ವಿದ್ಯುತ್ ಉತ್ಪಾದನೆ, ಪ್ರಸರಣದಂಥ ಮೂಲಸೌಕರ್ಯ ಯೋಜನೆಗಳಿಗೆ ಅಡ್ಡಿ ಅಥವಾ ತಡವಾಗುವಂತೆ ನಿರ್ಬಂಧಕಾಜ್ಞೆ ಕೊಡಬಾರದೆಂದು ನಿರ್ದಿಷ್ಟ ಪರಿಹಾರ ಕಾಯ್ದೆಯ 20ಎ ಮತ್ತು 41ನೇ ಕಲಂಗಳಲ್ಲಿ ಸೇರಿದೆ. ಅಂಥಲ್ಲಿ ಪರಿಹಾರದ ಮೊತ್ತ, ಒಪ್ಪಂದದ ಷರತ್ತುಗಳ ಮೇಲೆ ಹೋರಾಡುವುದೇ ಹೆಚ್ಚು ಫಲ ಕೊಡುತ್ತದೆ.

ಹಂತ 4: ದಾವೆ ಮತ್ತು ಅರ್ಜಿ ಬರೆಸುವುದು

ಬರೀ ತಡೆಯಾಜ್ಞೆಯ ಅರ್ಜಿ ಎಂಬುದಿಲ್ಲ. ಮೂಲ ದಾವೆ ಹಾಕಿ, ಅದರೊಳಗೆ ಮಧ್ಯಂತರ ಅರ್ಜಿ, ಅಂದರೆ ಐ.ಎ. ಹಾಕಬೇಕು. ಜೊತೆಗೆ ಪ್ರಮಾಣ ಮಾಡಿ ಸಹಿ ಹಾಕುವ ಅಫಿಡವಿಟ್. ವಕೀಲರು ಬರೆದು ತಂದದ್ದನ್ನು ಕನ್ನಡದಲ್ಲಿ ಓದಿಸಿಕೊಂಡೇ ಸಹಿ ಮಾಡಿ, ಏಕೆಂದರೆ ನಾಳೆ ಪಾಟೀಸವಾಲಿನಲ್ಲಿ ಉತ್ತರಿಸುವವರು ನೀವೇ.

ಮೂರು ಕಡೆ ಕಣ್ಣಿಡಿ.

ಆಸ್ತಿಯ ವಿವರ: ರಿ.ಸ. (ರಿ-ಸರ್ವೇ) ನಂಬರು, ಹಿಸ್ಸಾ, ಎಕರೆ-ಗುಂಟೆ, ನಾಲ್ಕೂ ದಿಕ್ಕಿನ ಚಕ್ಕಬಂದಿ. ಹೊಲದ ಒಂದು ಭಾಗಕ್ಕಷ್ಟೇ ತಕರಾರಿದ್ದರೆ ಕೈನಕ್ಷೆ ಬಿಡಿಸಿ ಆ ಭಾಗಕ್ಕೆ ಗುರುತು ಹಾಕಿ. ಚಕ್ಕಬಂದಿ ಖರೀದಿ ಪತ್ರದಲ್ಲೊಂದು, ದಾವೆಯಲ್ಲೊಂದು ಆದರೆ ಎದುರಿನ ವಕೀಲರಿಗೆ ಅಷ್ಟೇ ಸಾಕು.

ಪ್ರತಿವಾದಿಗಳು: ಆಜ್ಞೆ ಕಟ್ಟಿಹಾಕುವುದು ದಾವೆಯಲ್ಲಿ ಹೆಸರಿರುವವರನ್ನು ಮತ್ತು ಅವರ ಪರವಾಗಿ ಮಾಡುವವರನ್ನು. ಅಪ್ಪನ ಹೆಸರು ಮಾತ್ರ ಹಾಕಿದರೆ ‘ನಂದು ಸ್ವಂತ ಹಕ್ಕು’ ಎನ್ನುತ್ತ ಮಗ ಬರುತ್ತಾನೆ. ನಿಜವಾಗಿ ಅಡ್ಡಿ ಮಾಡುವವರೆಲ್ಲರ ಹೆಸರೂ ಇರಲಿ.

ಮುಚ್ಚಿಡದಿರುವುದು: ಹಿಂದೆ ಹಾಕಿ ಸೋತ ದಾವೆ, ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿರುವ ಮ್ಯುಟೇಶನ್ ಅಪೀಲು, ಊರಲ್ಲಿ ಬರೆದುಕೊಟ್ಟ ರಾಜಿಪತ್ರ, ನಿಮಗೆ ವಿರುದ್ಧವಾದದ್ದನ್ನೇ ಮೊದಲು ಹೇಳಿ. ಮುಖ್ಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿ, ನೋಟಿಸ್ ಇಲ್ಲದೆ ಪಡೆದ ಆಜ್ಞೆಯನ್ನು ತೆಗೆದುಹಾಕಬೇಕೆಂದು 39ನೇ ಆದೇಶದ 4ನೇ ನಿಯಮವೇ ಹೇಳುತ್ತದೆ. ಸಾಕಷ್ಟು ಕಾರಣವಿಲ್ಲದೆ ಆಜ್ಞೆ ತಂದು ಎದುರಿನವರಿಗೆ ನಷ್ಟ ಮಾಡಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 95ನೇ ಕಲಂ ಪ್ರಕಾರ 50,000 ರೂಪಾಯಿವರೆಗೆ ಪರಿಹಾರ ಕಟ್ಟಿಸಬಹುದು. ಒಳ್ಳೆಯ ಕೇಸುಗಳು ಹೀಗೆ ಒಂದು ಕಾಗದ ಬಚ್ಚಿಟ್ಟದ್ದಕ್ಕೆ ಹಾಳಾಗುವುದು ನೋಡಲಾಗದಂಥ ಸಂಗತಿ.

ಹಂತ 5: ಮೊದಲ ದಿನ

ನಿಯಮವೆಂದರೆ ಎದುರಿನವರಿಗೆ ನೋಟಿಸ್ ಕೊಟ್ಟು, ಅವರ ಮಾತು ಕೇಳಿಯೇ ಆಜ್ಞೆ. ನೋಟಿಸಿಗೆ ಕಾಯುವಷ್ಟರಲ್ಲಿ ಉದ್ದೇಶವೇ ಕೆಟ್ಟುಹೋಗುತ್ತದೆ ಎಂದು ಮನವರಿಕೆಯಾದರೆ ಮಾತ್ರ ಏಕಪಕ್ಷೀಯ ಆಜ್ಞೆ, ಅದೂ ಕಾರಣ ಬರೆದೇ ಕೊಡಬೇಕು. ‘ನಾಡಿದ್ದು ಸ್ಲ್ಯಾಬ್’, ‘ಸೋಮವಾರ ನೋಂದಣಿಗೆ ಟೋಕನ್ ಆಗಿದೆ’ ಎಂಬ ದಿನಾಂಕವುಳ್ಳ ಮಾತು ಅಫಿಡವಿಟ್‌ನಲ್ಲಿರಲಿ. ‘ತುಂಬಾ ತುರ್ತು’ ಎಂದಷ್ಟೇ ಬರೆದರೆ ಏನೂ ಬರೆಯದಂತೆಯೇ. ಮೂರು ತಿಂಗಳಿಂದ ಗೊತ್ತಿದ್ದು ಈಗ ಓಡಿಬಂದವರಿಗೆ ಏಕಪಕ್ಷೀಯ ಆಜ್ಞೆ ಸಿಗುವುದು ಕಷ್ಟ.

ಎಷ್ಟೋ ಸಲ ಕೋರ್ಟು ‘ಯಥಾಸ್ಥಿತಿ ಕಾಯ್ದುಕೊಳ್ಳಿ’ ಎಂದಷ್ಟೇ ಹೇಳುತ್ತದೆ. ಸ್ಥಿತಿ ಏನಿತ್ತೆಂಬುದೇ ಜಗಳವಾಗಿದ್ದರೆ ಈ ಆಜ್ಞೆ ಇಬ್ಬರ ಕೈಯಲ್ಲೂ ಒಂದೊಂದು ಅರ್ಥ ಪಡೆಯುತ್ತದೆ. ಯಾವ ಕೆಲಸ ನಿಲ್ಲಬೇಕೆಂದು ಬಿಡಿಸಿ ಬರೆಯುವಂತೆ ವಕೀಲರ ಮೂಲಕ ಅಂದೇ ಕೋರಿ.

ಹಂತ 6: ಆಜ್ಞೆ ಸಿಕ್ಕಿತು, ಈಗಲೇ ಮಾಡಬೇಕಾದದ್ದು

ಆಜ್ಞೆ ಬಂತೆಂದು ಪೇಢೆ ಹಂಚಿ ಮನೆಗೆ ಹೋಗುವವರು ಎಡವುವುದು ಇಲ್ಲೇ. 39ನೇ ಆದೇಶದ 3ನೇ ನಿಯಮದಂತೆ, ಏಕಪಕ್ಷೀಯ ಆಜ್ಞೆಯಾದ ಕೂಡಲೇ ಅರ್ಜಿ, ಅಫಿಡವಿಟ್, ದಾವಾಪತ್ರ, ನೀವು ಆಧರಿಸಿದ ದಾಖಲೆಗಳು ಇಷ್ಟರ ಪ್ರತಿಗಳನ್ನು ಎದುರಿನವರಿಗೆ ಕೊಡಬೇಕು ಇಲ್ಲವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಕಳಿಸಿದ್ದೇವೆಂಬ ಅಫಿಡವಿಟ್ ಅದೇ ದಿನ ಅಥವಾ ಮರುದಿನವೇ ಕೋರ್ಟಿಗೆ ಸಲ್ಲಬೇಕು. ಇದೊಂದನ್ನು ಬಿಟ್ಟದ್ದಕ್ಕೇ ಆಜ್ಞೆ ತೆರವಾದ ಪ್ರಕರಣಗಳಿವೆ. ಅಂಚೆ ರಸೀದಿ ಜೋಪಾನ ಮಾಡಿ.

ಕೋರ್ಟ್ ನೋಟಿಸ್ ಬೇಲಿಫ್ ಮೂಲಕ ಜಾರಿಯಾಗುತ್ತದೆ. ಅದಕ್ಕೆ ಕಟ್ಟಬೇಕಾದ ಶುಲ್ಕ ಕಟ್ಟಿದ್ದಾರೆಯೇ ಎಂದು ವಕೀಲರ ಗುಮಾಸ್ತರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಆಜ್ಞೆಯ ದೃಢೀಕೃತ ನಕಲು ಪಡೆದು ಪೊಲೀಸ್ ಠಾಣೆಗೆ ಒಂದು ಕೊಡಿ. ಪರಭಾರೆ ತಡೆಯಾದರೆ ಉಪನೋಂದಣಾಧಿಕಾರಿಗೂ ತಹಶೀಲ್ದಾರರಿಗೂ ಒಂದೊಂದು ಕೊಟ್ಟು, ಉತಾರದ 11ನೇ ಕಾಲಮ್‌ನಲ್ಲಿ ನಮೂದಿಸಲು ಅರ್ಜಿ ಹಾಕಿ. ಎಲ್ಲದಕ್ಕೂ ಸ್ವೀಕೃತಿ ಮುದ್ರೆ ಬೇಕು. ಇಷ್ಟಾಗಿಯೂ ಮಾರಿದರೆ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ದಾವೆ ನಡೆಯುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರು.

ಹಂತ 7: ತಾರೀಖು ತಪ್ಪಿಸಬೇಡಿ

ಆಜ್ಞೆಯಲ್ಲಿ ‘ಮುಂದಿನ ತಾರೀಖಿನವರೆಗೆ’ ಎಂದಿದ್ದರೆ ಅಂದು ಅದನ್ನು ಮುಂದುವರಿಸಿಕೊಳ್ಳಬೇಕು. ಮುಂದುವರಿದ ಬಗ್ಗೆ ಆ ದಿನದ ನಡಾವಳಿಯಲ್ಲಿ ಬರೆದಿರಬೇಕು. ಬರೆಯದೆ ಹೋದರೆ ನಡುವಿನ ದಿನಗಳಲ್ಲಿ ಗೋಡೆ ಏರಿದರೂ ಕೇಳುವ ಹಾಗಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಹಾಕಿದರೆ ತಾರೀಖು ನೀವೇ ನೋಡಬಹುದು. ಏಕಪಕ್ಷೀಯ ಆಜ್ಞೆ ಕೊಟ್ಟ ಮೇಲೆ 30 ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ಕೋರ್ಟು ಯತ್ನಿಸಬೇಕೆಂದು ನಿಯಮ 3ಎ ಹೇಳುತ್ತದೆ.

ಹಂತ 8: ಆಜ್ಞೆ ಮೀರಿದರೆ

ಹೊಲದಲ್ಲಿ ಕೈಕೈ ಮಿಲಾಯಿಸಬೇಡಿ. ಅದರಿಂದ ನಿಮ್ಮ ಮೇಲೇ ಕೇಸಾಗುತ್ತದೆ. ದಿನಾಂಕ ಕಾಣುವಂತೆ ಫೋಟೋ ತೆಗೆದು, ನೋಡಿದವರ ಹೆಸರು ಬರೆದುಕೊಂಡು, ನಿಯಮ 2ಎ ಅಡಿ ಅದೇ ಕೋರ್ಟಿಗೆ ಅರ್ಜಿ ಹಾಕಿ. ಮೀರಿದವರ ಆಸ್ತಿ ಜಪ್ತಿ ಮಾಡುವ, ಮೂರು ತಿಂಗಳವರೆಗೆ ಸಿವಿಲ್ ಬಂದೀಖಾನೆಯಲ್ಲಿಡುವ ಅಧಿಕಾರ ಕೋರ್ಟಿಗಿದೆ. ಆಜ್ಞೆ ಅವರಿಗೆ ಗೊತ್ತಿತ್ತು ಎಂಬುದನ್ನು ನೀವು ತೋರಿಸಬೇಕು. ಆ ಅಂಚೆ ರಸೀದಿ ಉಪಯೋಗಕ್ಕೆ ಬರುವುದು ಈಗ. ಪೊಲೀಸರು ‘ಸಿವಿಲ್’ ಎಂದು ಕೈಚೆಲ್ಲಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಂ ಅಡಿ ಪೊಲೀಸ್ ನೆರವಿನ ಆದೇಶ ಕೇಳಿ. ಆ ಆದೇಶ ಕೈಯಲ್ಲಿದ್ದರೆ ಠಾಣೆಯಲ್ಲಿ ‘ಸಿವಿಲ್’ ಎಂದು ತಿರುಗಿ ಕಳಿಸಲಾಗದು.

ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 107, 144, 145ನೇ ಕಲಂಗಳನ್ನು ಇದರೊಂದಿಗೆ ಬೆರೆಸಬೇಡಿ. 2024ರ ಜುಲೈ 1ರಿಂದ ಅವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126, 163, 164 ಆಗಿವೆ. ಅವು ಶಾಂತಿ ಕಾಯಲು ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಹೊರಡಿಸುವವು. ಅವುಗಳಿಂದ ಹೊಲದ ಹಕ್ಕು ತೀರ್ಮಾನವಾಗುವುದಿಲ್ಲ.

ನಿಮ್ಮ ಮೇಲೆಯೇ ಆಜ್ಞೆ ಬಂದಿದ್ದರೆ

ತಪ್ಪು ಆಜ್ಞೆ ಅನ್ನಿಸಿದರೂ ತೆರವಾಗುವವರೆಗೆ ಪಾಲಿಸಲೇಬೇಕು. ಕೆಲಸ ನಿಲ್ಲಿಸಿ, ನಿಲ್ಲಿಸಿದ ಸ್ಥಿತಿಯ ಫೋಟೋ ಇಟ್ಟುಕೊಳ್ಳಿ. ತಕರಾರು ಮತ್ತು ಕೈಫಿಯತ್ತು (ದಾವೆಗೆ ಲಿಖಿತ ಉತ್ತರ) ಬೇಗ ಸಲ್ಲಿಸಿ, ನಿಯಮ 4ರಡಿ ತೆರವಿಗೆ ಅರ್ಜಿ ಹಾಕಿ. ಪ್ರತಿಗಳು ನಿಮಗೆ ಬಂದವೇ, ಮರುದಿನ ಅಫಿಡವಿಟ್ ಸಲ್ಲಿಕೆಯಾಯಿತೇ ಎಂದು ಕೋರ್ಟಿನ ಕಡತ ನೋಡಿಸಿ. ಅಪೀಲಿಗೆ 43ನೇ ಆದೇಶದಲ್ಲಿ ಅವಕಾಶವಿದೆ. ಹೈಕೋರ್ಟಿಗಾದರೆ 90 ದಿನ, ಉಳಿದ ಕೋರ್ಟುಗಳಿಗೆ 30 ದಿನ.

ಎದುರಿನವರು ದಾವೆಗೆ ಹೊರಟಿದ್ದಾರೆಂಬ ಸುಳಿವು ಸಿಕ್ಕರೆ 148ಎ ಕಲಂ ಅಡಿ ಕೇವಿಯಟ್ ಹಾಕಿಡಿ. ‘ನನ್ನನ್ನು ಕೇಳದೆ ಆಜ್ಞೆ ಕೊಡಬೇಡಿ’ ಎಂಬ ಮುನ್ನರ್ಜಿ ಅದು. ಅದರ ಆಯುಷ್ಯ 90 ದಿನ, ಮುಗಿಯುವ ಮೊದಲೇ ಹೊಸದು ಹಾಕಬೇಕು.

ಮನೆಯೊಳಗಿನ ಹಿಂಸೆಗೆ: ಸಂರಕ್ಷಣಾ ಆದೇಶ

ಹೊಡೆಯುವ ಗಂಡ, ಮನೆಯಿಂದ ಹೊರದಬ್ಬುವ ಅತ್ತೆ ಮಾವ, ವಿಧವೆಯನ್ನು ಕಾಡುವ ಮೈದುನ, ಒಂದೇ ಮನೆಯಲ್ಲಿ ಬಾಳಿದ ಇವರ ವಿರುದ್ಧ ಸಿವಿಲ್ ದಾವೆ ಬೇಕಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ 12ನೇ ಕಲಂ ಅಡಿ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ) ಕೋರ್ಟಿಗೆ ಅರ್ಜಿ ಹಾಕಿ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. ಅವರು ಹಿಂಸೆಯ ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ. ತವರಿಗೆ ಬಂದಿದ್ದರೆ ತವರೂರಿನ ಕೋರ್ಟಿನಲ್ಲೂ ಹಾಕಬಹುದು, ತಾತ್ಕಾಲಿಕ ವಾಸವಾದರೂ ಸಾಕು.

18ನೇ ಕಲಂ ಅಡಿ ಹಿಂಸೆ ಮಾಡದಂತೆ, ಕೆಲಸದ ಜಾಗಕ್ಕೆ ಅಥವಾ ಮಕ್ಕಳ ಶಾಲೆಗೆ ಬರದಂತೆ, ಫೋನ್ ಮಾಡದಂತೆ, ಸ್ತ್ರೀಧನ ಮಾರದಂತೆ ತಡೆಯಬಹುದು. 19ರಡಿ ಆಕೆಯನ್ನು ಮನೆಯಿಂದ ಹೊರಹಾಕದಂತೆ ತಡೆಯಬಹುದು. ಮನೆ ಮಾವನ ಹೆಸರಿನಲ್ಲಿದೆ ಎಂಬುದೊಂದೇ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ತಾರೀಖು ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥದ ಗುರಿ 60 ದಿನ ಎಂದು ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ತಡವಾಗುವುದುಂಟು. ಅದಕ್ಕೆ ಮೊದಲ ದಿನವೇ 23ನೇ ಕಲಂನ ಮಧ್ಯಂತರ ಆದೇಶವನ್ನೂ ಕೇಳಿ, ಅದಕ್ಕೆ ಬೇಕಾದ ನಮೂನೆ 3ರ ಅಫಿಡವಿಟ್ ಜೊತೆಗಿಡಿ. ಏಟು ಬಿದ್ದಿದ್ದರೆ ಸರ್ಕಾರಿ ದವಾಖಾನೆಯ ಚೀಟಿ ಅಂದೇ ಮಾಡಿಸಿ.

ಇಲ್ಲಿ ಸಂರಕ್ಷಣಾ ಆದೇಶ ಮೀರುವುದೇ ಅಪರಾಧ: 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನು ಹಕ್ಕಿನಿಂದ ಸಿಗುವುದಿಲ್ಲ. ಇದು ಸಿವಿಲ್ ಮ್ಯಾಟರ್ ಎಂದು ಠಾಣೆಯಲ್ಲಿ ಯಾರೂ ಹೇಳುವಂತಿಲ್ಲ. ಆದೇಶದ ಪ್ರತಿ ನಿಮಗೂ ಠಾಣೆಗೂ ಪುಕ್ಕಟೆಯಾಗಿ ಸಿಗಬೇಕು.

ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181, ಜೀವಕ್ಕೆ ಅಪಾಯವಿದ್ದರೆ 112. ಹಿರಿಯರು ಕೂಡಿಸಿ ರಾಜಿ ಮಾಡಿ ಗಂಡನ ಮನೆಗೆ ಕಳಿಸಿದರೂ ಸಂರಕ್ಷಣಾ ಆದೇಶ ತಾನಾಗಿ ಹೋಗುವುದಿಲ್ಲ. ನೀವೇ ಅರ್ಜಿ ಕೊಟ್ಟು ತೆಗೆಸುವವರೆಗೆ, ಇಲ್ಲವೇ ಪರಿಸ್ಥಿತಿ ಬದಲಾಗಿದೆಯೆಂದು ನ್ಯಾಯಾಧೀಶರೇ ಬದಲಿಸುವವರೆಗೆ ಅದು ಜಾರಿಯಲ್ಲಿರುತ್ತದೆ. ಹೋಗುವಾಗ ಅದರ ಒಂದು ಪ್ರತಿಯನ್ನು ತವರಿನಲ್ಲಿ ಇಟ್ಟುಹೋಗಿ.